ತೊರವಿ ದಾಟಿದ ಮೇಲೆ ಕೇಳಿದ ಸದ್ದು

ಹೋದ ಆಷಾಢದ ಮಾತು. ನಮ್ಮ ವಿಜಯಪುರದ ಆಷಾಢದ ಗಾಳಿ ಅಂದರೆ ಏನು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಬೆಂಗಳೂರು ಕಡೆಯವರಿಗೆ ಹೇಳಿದರೆ ನಂಬೋದಿಲ್ಲ. ಮಾಳಿಗೆ ಮೇಲೆ ಒಣಹಾಕಿದ ಧೋತರ ಮೂರನೇ ಮನೆಯವರು ತಂದುಕೊಡುತ್ತಾರೆ. ಅಥಣಿ ರಸ್ತೆ ಹಿಡಿದು ಪಡುವಣಕ್ಕೆ ಸೈಕಲ್ ಹೊರಟರೆ ಆ ಗಾಳಿ ನೇರ ಎದೆಗೇ ಬಂದು ಆನಿಕೊಳ್ಳುತ್ತದೆ. ತಿಕೋಟಾ ಮುಟ್ಟೋ ತನಕ ಇಳಿಜಾರಿನಲ್ಲೂ ತುಳಿಯಬೇಕು.

ನಸುಕಿನ ಐದೂವರೆ. ಮುಂದೆ ನಾನು, ನನ್ನ ಹಿಂದಿನ ಗಾಲಿಗೆ ಒಂದು ಗೇಣು ಬಿಟ್ಟು ದೊಡ್ಡಾಕಿ. ಮಗಳಿಗೆ ಮನೆಯಲ್ಲಿ ಅದೇ ಹೆಸರು. ಸಣ್ಣವ ಒಬ್ಬ ಇದ್ದಾನೆ, ಅವನಿಗೆ ಕ್ರಿಕೆಟ್ ಬಿಟ್ಟರೆ ಜಗತ್ತಿಲ್ಲ. ಮುಂದಿನವ ಗಾಳಿ ಸೀಳಿದರೆ ಅವನ ಗಾಲಿಗೆ ಅಂಟಿಕೊಂಡು ಬರೋವರಿಗೆ ತುಳಿಯೋದು ಹಗುರ. ಐದು ವರ್ಷದಿಂದ ನಮ್ಮಿಬ್ಬರ ಪದ್ಧತಿ ಅದು: ಗಾಳಿ ಅಪ್ಪನಿಗೆ, ಗಾಲಿ ಮಗಳಿಗೆ.

ಮಹಿಳಾ ವಿಶ್ವವಿದ್ಯಾಲಯದ ಗೇಟು, ತೊರವಿ ಎಲ್ಲ ಹಿಂದೆ ಬಿದ್ದಿದ್ದವು. ನಾನು ಬಾಯಿ ತೆರೆದುಕೊಂಡು 26ರ ವೇಗಕ್ಕೆ ಜೀವ ತೇಯುತ್ತಿದ್ದೆ. ಅಷ್ಟರಲ್ಲಿ ಗಾಳಿಗೇ ಏನನಿಸಿತೋ, ಒಂದು ಗಳಿಗೆ ಉಸಿರು ಹಿಡಿದು ನಿಂತಿತು. ಆ ನಿಶ್ಶಬ್ದದಲ್ಲಿ ಬೆನ್ನ ಹಿಂದೆ ಕೇಳಿಸಿತು. ಟಿಕ್‌ಟಿಕ್‌ಟಿಕ್‌ಟಿಕ್.

ಸೈಕಲ್ ತುಳಿದವರಿಗೆ ಈ ಸದ್ದಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಪೆಡಲ್ ನಿಲ್ಲಿಸಿದಾಗ ಮಾತ್ರ ಫ್ರೀವೀಲ್ ಮಾತಾಡುತ್ತದೆ. ತುಳಿಯುತ್ತಿರೋವಾಗ ಅದು ಮೂಕ. ಅಂದರೆ, ನಾನು ಸಾಯೋ ಹಂಗೆ ತುಳಿಯುತ್ತಿದ್ದ ಏರಿನ ಮೇಲೆ, ನನ್ನ ಮಗಳು ಸುಮ್ಮನೆ ಕುಳಿತಿದ್ದಳು. ನನ್ನ ಗಾಲಿಗೆ ಗುದ್ದಬಾರದು ಅಂತ ಕಾಲು ತಡೆದು ಕುಳಿತಿದ್ದಳು.

ಅಲ್ಲಿ ಏನೂ ಅನ್ನಲಿಲ್ಲ. ರಾತ್ರಿ ಅವಳು ಮಲಗಿದ ಮೇಲೆ ಮೊಬೈಲ್ ತೆಗೆದು ನೋಡಿದೆ. ಎದೆಗೆ ಕಟ್ಟೋ ಪಟ್ಟಿ ಇಬ್ಬರಿಗೂ ಇದೆ, ಎದೆಬಡಿತದ ಲೆಕ್ಕ ಎಲ್ಲ ಅದರಲ್ಲಿ ಬಂದು ಬೀಳುತ್ತದೆ. ಆ ಏರಿನಲ್ಲಿ ನನ್ನದು ನಿಮಿಷಕ್ಕೆ 168. ಅವಳದು 118. ಮೆಟ್ಟಿಲು ಹತ್ತಿದರೆ ನನಗೆ 118 ಆಗುತ್ತದೆ. ಹಿಂದಿನ ದಿನದ್ದು ನೋಡಿದೆ, ಹಿಂದಿನ ವಾರದ್ದು ನೋಡಿದೆ. ಯುಗಾದಿ ತನಕ ಹಿಂದೆ ಹೋದ ಮೇಲೆ ಫೋನ್ ಇಟ್ಟುಬಿಟ್ಟೆ.

ನಾನು ಗಣಿತದ ಮಾಸ್ತರ. ವಯಸ್ಸಿನ ಲೆಕ್ಕ ನನಗೆ ಗೊತ್ತಿಲ್ಲದ್ದೇನಲ್ಲ. 220ರಲ್ಲಿ ವಯಸ್ಸು ಕಳೆದರೆ ಹೃದಯ ಬಡಿಯಬಲ್ಲ ಗರಿಷ್ಠ ಲೆಕ್ಕ ಅಂತ ಒಂದು ಅಂದಾಜಿನ ಸೂತ್ರ ಇದೆ. ನನಗೆ 49. ಉಳಿದದ್ದು 171. ಅಂದರೆ ಅವತ್ತು ನನ್ನ ಜೇಬಿನಲ್ಲಿ ಇನ್ನು ಮೂರು ಬಡಿತ ಚಿಲ್ಲರೆ ಇತ್ತು. ಇನ್ನೊಂದು ಲೆಕ್ಕ ನಾನೇ ಎಂಟನೇ ತರಗತಿ ಹುಡುಗರಿಗೆ ಹೇಳುತ್ತಿರುತ್ತೇನೆ: ವೇಗ ಹತ್ತು ಪರ್ಸೆಂಟ್ ಹೆಚ್ಚು ಬೇಕೆಂದರೆ ಗಾಳಿ ಸೀಳೋ ಶಕ್ತಿ ಹತ್ತು ಪರ್ಸೆಂಟ್ ಹೆಚ್ಚಾದರೆ ಸಾಲದು, ಮೂರನೇ ಒಂದು ಪಾಲು ಹೆಚ್ಚಾಗಬೇಕು. ಆ ಶಕ್ತಿ ಏರೋದು ವೇಗದ ಘನದ ಲೆಕ್ಕದಲ್ಲಿ; 1.1ನ್ನು ಅದರಿಂದಲೇ ಎರಡು ಸಲ ಗುಣಿಸಿ, 1.331 ಬರುತ್ತದೆ. ಹುಡುಗರು ಬರೆದುಕೊಳ್ಳುತ್ತಾರೆ. ಮಗಳು ಹದಿನೇಳಕ್ಕೆ ಬಂದಳು, ನಾನು ಐವತ್ತರ ಹೊಸ್ತಿಲಿಗೆ ಬಂದೆ, ಯಾರು ಯಾರನ್ನು ಎಲ್ಲಿ ದಾಟುತ್ತಾರೆ ಅಂತ ಪೆನ್ಸಿಲ್ ಹಿಡಿದರೆ ಎರಡು ನಿಮಿಷದ ಕೆಲಸ. ದಾಟಿ ಹೋಗಿದ್ದರೆ ನನಗೆ ಒಂದು ಪೇಢಾ ಹಂಚೋ ಸಂಭ್ರಮ. ಆದರೆ ಇವಳು ದಾಟಿರಲಿಲ್ಲ. ಕಾದಿದ್ದಳು. ನಾಲ್ಕು ತಿಂಗಳು.

ಸ್ವಲ್ಪ ಹಿಂದಿನ ಕತೆ ಹೇಳಬೇಕು.

ತೊಂಬತ್ತರ ದಶಕದಲ್ಲಿ ನಾನೂ ರೇಸ್ ಸೈಕಲ್ ತುಳಿದವ. ವಿಜಯಪುರ, ಜಮಖಂಡಿ, ಬಾಗಲಕೋಟೆ ಈ ಭಾಗದಲ್ಲಿ ಸೈಕಲ್ ಹುಚ್ಚು ಹೊಸದಲ್ಲ. ಜಾತ್ರೆಗೆ ಕಲ್ಲು ಎತ್ತೋದು, ಚೀಲ ಹೊರೋದು ಇದ್ದ ಹಂಗೆ ಸೈಕಲ್ ಶರ್ಯತ್ತೂ ಇರುತ್ತದೆ. ಬಹುಮಾನ ಒಂದು ತಾಮ್ರದ ಕೊಡ, ಇಲ್ಲವೆ ಟೇಬಲ್ ಫ್ಯಾನು. ನನಗೆ ಅಂಥವು ಸಿಕ್ಕಿವೆ. ರಾಜ್ಯ ಮಟ್ಟದಲ್ಲಿ ಒಮ್ಮೆ ಮೂರನೆಯವನಾಗಿದ್ದೆ, ಅದಕ್ಕಿಂತ ಮೇಲೆ ಹೋಗಲಿಲ್ಲ. ಸ್ಟೀಲ್ ಸೈಕಲ್, ಹನ್ನೊಂದು ಕಿಲೋ ಮೇಲೆ ತೂಕ, ಗೇರ್ ಬದಲಿಸಲು ಹ್ಯಾಂಡಲ್ ಬಿಟ್ಟು ಕೆಳಗಿನ ಪೈಪಿಗೆ ಕೈ ಹಾಕಬೇಕು. ಟ್ಯೂಬ್ಯುಲರ್ ಟೈರು. ಒಳಗೆ ಟ್ಯೂಬು ಇಟ್ಟು ಸುತ್ತಲೂ ಹೊಲಿದಿರುತ್ತಾರೆ. ಪಂಕ್ಚರ್ ಆದರೆ ಹೊಲಿಗೆ ಬಿಚ್ಚಿ, ಪ್ಯಾಚ್ ಹಾಕಿ, ಮತ್ತೆ ಹೊಲಿಯಬೇಕು. ಹೊಸದು ಕೊಳ್ಳೋದಕ್ಕೆ ರೊಕ್ಕ ಎಲ್ಲಿತ್ತು? ನಮ್ಮವ್ವ ಕೌದಿ ಹೊಲಿಯೋ ಸೂಜಿ ಹಿಡಿದು ಕಟ್ಟೆ ಮೇಲೆ ಕೂತು ನನ್ನ ಟೈರು ಹೊಲಿಯುತ್ತಿದ್ದಳು. ಅವಳ ಹೊಲಿಗೆ ಎಷ್ಟು ಬಿಗಿ ಅಂದರೆ ನಮ್ಮ ಜೊತೆಯ ಹುಡುಗರೂ ತಂದು ಕೊಡುತ್ತಿದ್ದರು. ಯಾರ ಟೈರು ಅಂತ ಗುರುತಿಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ. ನನ್ನದು ಕೆಂಪು.

ಅದೇ ಅವ್ವ ಈಗ ದೊಡ್ಡಾಕಿಯ ತತ್ತಿಗೆ ಎದುರು ನಿಂತವಳು. ನಮ್ಮ ಮನೆ ಕಟ್ಟಾ ಸಸ್ಯಾಹಾರಿ. ಕೋಚ್ ದಿನಕ್ಕೆ ನಾಲ್ಕು ತತ್ತಿ ಬರೆದುಕೊಟ್ಟರು. ಅವ್ವ ಊಟ ಬಿಟ್ಟಳು. ಮೂರು ದಿನ ಶೇಂಗಾ, ಮಡಕಿ ಕಾಳು, ಹಾಲು, ಗಟ್ಟಿ ಮೊಸರು ಅಂತ ಅವ್ವನ ಪಟ್ಟಿ; ಪ್ರೋಟೀನ್ ಎಷ್ಟು ಗ್ರಾಂ ಅಂತ ನನ್ನ ಹೆಂಡತಿಯ ಪಟ್ಟಿ. ಕೊನೆಗೆ ಒಪ್ಪಂದ ಆಯಿತು: ತತ್ತಿ ಒಳಗೆ ಬರಬಾರದು. ಅಂಗಳದಲ್ಲಿ, ಸೈಕಲ್ ತೊಳೆಯೋ ನಳದ ಹತ್ತಿರ, ಒಂದು ಕರೆಂಟಿನ ಒಲೆ. ಪಾತ್ರೆ ಬೇರೆ, ಚಮಚ ಬೇರೆ. ಈಗ ನೋಡಿದರೆ ಬೆಳಿಗ್ಗೆ ಐದಕ್ಕೆ ನೀರು ಕುದಿಯೋದಕ್ಕೆ ಇಡುವಾಕೆ ಅವ್ವನೇ. ಮುಟ್ಟೋದಿಲ್ಲ, ಸೌಟಿನಿಂದ ಇಳಿಬಿಡುತ್ತಾಳೆ. "ಏಳು ನಿಮಿಷ ಆತು, ತಗೀರಿ" ಅಂತ ಕೂಗುತ್ತಾಳೆ.

ದೊಡ್ಡಾಕಿಯ ಸೈಕಲ್ ಕಾರ್ಬನ್. ಹಳೆಯದೇ, ಬೆಂಗಳೂರಿನಲ್ಲಿ ಒಬ್ಬರು ತುಳಿದು ಬಿಟ್ಟದ್ದು. 1,40,000 ರೂಪಾಯಿ. ಜಿಪಿಎಫ್‌ನಿಂದ ತೆಗೆದೆ. ಅರ್ಜಿಯಲ್ಲಿ ಕಾರಣ ಬರೆಯೋ ಕಡೆ ಮಗಳ ಶಿಕ್ಷಣ ಅಂತ ಬರೆದಿದ್ದೇನೆ, ಸುಳ್ಳಂತೂ ಅಲ್ಲ. ನನ್ನ ಮದುವೆಗೆ ಅಷ್ಟು ಖರ್ಚಾಗಿರಲಿಲ್ಲ ಅಂತ ಅವ್ವ ಈಗಲೂ ಬಂದವರಿಗೆ ಹೇಳುತ್ತಾಳೆ, ಸ್ವಲ್ಪ ಹೆಮ್ಮೆಯಿಂದಲೇ.

ಕಾಲು ಸೋಲೋ ಮೊದಲು ನನ್ನ ವಿದ್ಯೆ ಸೋತಿತ್ತು, ಅದನ್ನೂ ಹೇಳಿಬಿಡುತ್ತೇನೆ. ಜೂನಿಯರ್‌ಗಳಿಗೆ ಸೈಕಲ್ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ ಯುಸಿಐ ಹಾಕಿದ ಗೇರಿನ ಮಿತಿ ಅಂತ ಒಂದು ಇತ್ತು. ಪೆಡಲ್ ಒಂದು ಪೂರ್ತಿ ಸುತ್ತು ತಿರುಗಿದರೆ ಸೈಕಲ್ 7.93 ಮೀಟರಿಗಿಂತ ಮುಂದೆ ಹೋಗಬಾರದು. ಮುಂದೆ 52 ಹಲ್ಲು, ಹಿಂದೆ 14 ಹಲ್ಲು, ಅಲ್ಲಿಗೆ ಸರಿಹೋಗುತ್ತದೆ. ಎಳೆಯ ಮೊಣಕಾಲಿಗೆ ಭಾರ ಬೀಳದಿರಲಿ, ಸಣ್ಣ ಗೇರಿನಲ್ಲಿ ಕಾಲು ಚುರುಕಾಗಿ ತಿರುಗಿಸೋದು ಕಲಿಯಲಿ ಅಂತ. ನಾನು ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು, ಟೇಪು ಹಿಡಿದು, ಸೈಕಲ್ ಹಿಂದಕ್ಕೆ ತಳ್ಳಿ ಅಳೆದು ಅವಳಿಗೆ ತೋರಿಸಿದೆ. ಕೈ ಕಟ್ಟಿಕೊಂಡು ನೋಡಿದಳು. "ಅಪ್ಪಾ, ಯುಸಿಐ ಅದನ್ನ ತಗದು ಹಾಕೇದ. 2023ರಿಂದ ಇಲ್ಲ." ಅಷ್ಟೊತ್ತಿಗೆ ನಾನು ಹಿಂದಿನ ಗಾಲಿಯ 11 ಹಲ್ಲಿನ ಚಕ್ರ ಬಳಸದ ಹಾಗೆ ಸ್ಕ್ರೂ ಬಿಗಿ ಮಾಡಿಟ್ಟಿದ್ದೆ. ಅವಳೇ ಸಡಿಲ ಮಾಡಿಕೊಂಡಳು. ಗೆರೆ ಒಂದು ವಾರ ಪಡಸಾಲೆಯಲ್ಲೇ ಇತ್ತು, ಯಾರೂ ಒರೆಸಲಿಲ್ಲ.

ಸರಿ, ಆಷಾಢಕ್ಕೆ ಬರೋಣ. ಎರಡು ದಿನ ಮನಸ್ಸಿನಲ್ಲಿ ಇಟ್ಟುಕೊಂಡೆ. ಮೂರನೇ ದಿನ ತಿಕೋಟಾದಲ್ಲಿ ಚಹಾ ಕುಡಿಯೋವಾಗ ಕೇಳಿದೆ.

"ಯುಗಾದಿಯಿಂದ ಕಾಲು ತಡದ ಕುಂಡ್ರಾಕತ್ತೀಯಲ್ಲ, ಯಾಕ?"

ಮುಖ ಕೆಂಪಾಯಿತು. ಬನ್ನಿನ ತುದಿ ಚಿವುಟುತ್ತ ಕೂತಳು. ಅಪ್ಪನಿಗೆ ಬೇಜಾರಾಗಬಾರದು ಅಂತ, ಅನ್ನೋ ಉತ್ತರಕ್ಕೆ ನಾನು ತಯಾರಾಗಿದ್ದೆ. ಅದಕ್ಕೆ ಏನು ಅನ್ನಬೇಕು ಅಂತಲೂ ಯೋಚಿಸಿಟ್ಟಿದ್ದೆ. ಬಂದ ಉತ್ತರ ಬೇರೆ.

"ನಾ ಮುಂದ ಹೋದ್ರ ನೀವು ಹಿಂದ ಉಳೀತೀರಿ. ಹಿಂದ ಉಳದ್ರ ನಾಕ ದಿನಕ್ಕ ಬರೂದ ಬಿಡ್ತೀರಿ. ನೀವು ಬಿಟ್ರ ಅವ್ವ ನನ್ನ ಒಬ್ಬಾಕಿನ್ನ ಈ ರೋಡಿಗೆ ಕಳಸೂದಿಲ್ಲ."

ಚಹಾ ಆರಿತು. ನನ್ನ ಮಾನ ಕಾಪಾಡುತ್ತಿದ್ದಾಳೆ ಅಂದುಕೊಂಡಿದ್ದೆ. ಅವಳು ಕಾಪಾಡುತ್ತಿದ್ದದ್ದು ಅವಳ ರಸ್ತೆಯನ್ನು.

ಸುಳ್ಳೂ ಅಲ್ಲ. ನಸುಕಿನಲ್ಲಿ ಐದು ಗಂಟೆಗೆ, ಲಾರಿ ಓಡಾಡೋ ಹೆದ್ದಾರಿಯಲ್ಲಿ, ಮೈಗಂಟಿದ ಬಟ್ಟೆ ಹಾಕಿಕೊಂಡ ಒಂದು ಹುಡುಗಿ ಒಬ್ಬಳೇ ಇಪ್ಪತ್ತು ಕಿಲೋಮೀಟರು ಹೋಗಿ ಇಪ್ಪತ್ತು ಕಿಲೋಮೀಟರು ಬರೋದನ್ನ ನಮ್ಮ ಓಣಿ ಇನ್ನೂ ಒಪ್ಪೋದಿಲ್ಲ. ಬೈಕಿನ ಹುಡುಗರು ಪಕ್ಕಕ್ಕೆ ಬಂದು ರೇಸಿಗೆ ಕರೆಯುತ್ತಾರೆ. ನಾನಿದ್ದಾಗಲೇ ಕರೆದಿದ್ದಾರೆ. ನಾನು ಹುಡುಗನಾಗಿದ್ದಾಗ ಸೊಲ್ಲಾಪುರ ರಸ್ತೆಯಲ್ಲಿ ಒಬ್ಬನೇ ಎಷ್ಟು ಸಾವಿರ ಕಿಲೋಮೀಟರು ತುಳಿದೆನೋ, ಮನೆಗೆ ಬಂದ ಮೇಲೆ ಎಲ್ಲಿಗೆ ಹೋಗಿದ್ದಿ ಅಂತ ಕೂಡ ನಮ್ಮಪ್ಪ ಕೇಳಿದವರಲ್ಲ. ನನಗೆ ರಸ್ತೆ ಸುಮ್ಮನೆ ಸಿಕ್ಕಿತ್ತು. ಇವಳು ಅದಕ್ಕೆ ದಿನಾ ಬಾಡಿಗೆ ಕೊಡುತ್ತಿದ್ದಳು, ನನ್ನ ಬೆನ್ನ ಹಿಂದೆ ಕಾಲು ತಡೆದು ಕೂತು.

ಅವಳ ಅವ್ವನಿಗೆ, ಅಂದರೆ ನನ್ನ ಹೆಂಡತಿಗೆ, ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು, ಬಡಿಯೋದು ನಿಲ್ಲಿಸಲಿಲ್ಲ. "ನೀವು ಮುಂದರೆ ಇರ್ರಿ, ಹಿಂದರೆ ಇರ್ರಿ. ಆಕಿ ನಿಮ್ಮ ಕಣ್ಣಿಗೆ ಕಾಣಬೇಕಷ್ಟ. ಅದಕ್ಕ ಸೈಕಲ್ಲ ಯಾಕ ಬೇಕು, ಗಾಡಿ ಇಲ್ಲೇನು?"

ಹಿಂಗೆ ನಾನು ಸೈಕಲ್ಲಿನಿಂದ ಸ್ಪ್ಲೆಂಡರಿಗೆ ಬಂದೆ. ಕೋಚ್‌ಗೂ ಇದು ಬೇಕಾಗಿತ್ತಂತೆ, ಅವರೂ ನನ್ನ ಮುಖ ನೋಡಿ ಸುಮ್ಮನಿದ್ದರಂತೆ. ಬೈಕಿನ ಹಿಂದೆ ಸೈಕಲ್ ಬಿಟ್ಟು ವೇಗ ಕಲಿಸೋದು ಹಳೆಯ ಪದ್ಧತಿ. ವಾರಕ್ಕೆ ಎರಡು ದಿನ ನಾನು ಮುಂದೆ, 45ಕ್ಕೆ ಮುಳ್ಳು ನಿಲ್ಲಿಸಿ, ಕನ್ನಡಿಯಲ್ಲಿ ಅವಳ ಹೆಲ್ಮೆಟ್ ನೋಡುತ್ತ. ಉಳಿದ ದಿನ ಐವತ್ತು ಮೀಟರ್ ಹಿಂದೆ, ಹಸಿರು ಜಾಕೆಟ್ ಹಾಕಿಕೊಂಡು. ಬೈಕ್ ಓಡಿಸೋದು ಸುಲಭ ಅಂದುಕೊಳ್ಳಬೇಡಿ. ಗುಂಡಿ ಬಂದಾಗ ಬ್ರೇಕ್ ಹಾಕೋ ಹಾಗಿಲ್ಲ, ಹಾಕಿದರೆ ಅವಳ ಮುಂದಿನ ಗಾಲಿ ನನ್ನ ನಂಬರ್ ಪ್ಲೇಟಿಗೆ. ಗುಂಡಿಯನ್ನು ನೂರು ಮೀಟರ್ ದೂರದಿಂದಲೇ ಕಂಡು ಮೆಲ್ಲಗೆ ಸರಿಯಬೇಕು, ಎಡಗೈ ಬೆರಳಿಂದ ತೋರಿಸಬೇಕು. ಗಾಳಿ ಅಡ್ಡ ಬೀಸಿದರೆ ಅವಳು ನೇರ ಹಿಂದೆ ಇದ್ದರೆ ಉಪಯೋಗವಿಲ್ಲ, ಓರೆಯಾಗಿ ಪಕ್ಕಕ್ಕೆ ಬರಬೇಕು. ಅದಕ್ಕೆ ನಾನು ರಸ್ತೆಯ ಯಾವ ಮಗ್ಗುಲು ಹಿಡಿಯಬೇಕು ಅನ್ನೋದು ದಿನಾ ಹೊಸ ಲೆಕ್ಕ. ಆ ವಿದ್ಯೆ ಮಾತ್ರ ನನ್ನದು ಹಳತಾಗಿಲ್ಲ. ಗಾಳಿ ಯಾವ ನಿಯಮಾನೂ ಬದಲಿಸಿಲ್ಲ.

ನನ್ನ ಸೈಕಲ್ ಗೋಡೆಗೆ ತೂಗು ಬಿತ್ತು. ದಸರೆ ಬಂತು, ಆಯುಧ ಪೂಜೆಗೆ ಇಳಿಸಿ ಕುಂಕುಮ ಹಚ್ಚಿ ಮತ್ತೆ ತೂಗು ಹಾಕಿದೆವು. ದೀಪಾವಳಿ ಹೊತ್ತಿಗೆ ನನಗೆ ಎರಡು ಕಿಲೋ ಹೊಟ್ಟೆ ಬಂದಿತ್ತು. ಮೈಸೂರಿಗೆ ಒಂದು ರೇಸಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆವು. ಗಾಲಿ ಬಿಚ್ಚಿ, ಫ್ರೇಮನ್ನು ಅವ್ವನ ಹಳೆಯ ಕೌದಿಯಲ್ಲಿ ಸುತ್ತಿ, ಮೇಲಿನ ಬರ್ತಿನಲ್ಲಿ ಸೈಕಲ್ ಮಲಗಿತು. ಆ ಬರ್ತು ನನ್ನದು, ಹಾಗಾಗಿ ನಾನು ರಾತ್ರಿಯೆಲ್ಲ ಬಾಗಿಲ ಹತ್ತಿರ. ಅಲ್ಲಿ ಅವಳು ಎರಡನೆಯವಳಾದಳು. ನನಗೆ ಅದಕ್ಕಿಂತ ನೆನಪಿರೋದು ರೇಸ್ ಮುಗಿದ ಮೇಲೆ ಬೇರೆ ಹುಡುಗಿಯರ ಜೊತೆ ನಗುತ್ತ ನಿಂತಿದ್ದಾಗ ಒಬ್ಬಾಕೆ ನನ್ನನ್ನು ತೋರಿಸಿ ಯಾರು ಅಂತ ಕೇಳಿದ್ದು, ಇವಳು "ನಮ್ಮಪ್ಪ, ಗಾಡಿ ಹೊಡೀತಾರ" ಅಂದದ್ದು. ಸೈಕಲ್ ತುಳೀತಿದ್ರು ಅಂತ ಒಂದು ಮಾತು ಸೇರಿಸಿದ್ದರೆ ಇವಳ ಗಂಟು ಏನು ಹೋಗುತ್ತಿತ್ತೋ.

ಈ ಸಣ್ಣತನ ನನಗೇ ನಾಚಿಕೆ ತಂದಿತು. ಆದರೂ ಒಳಗೆ ಒಂದು ಕೊರೆತ ಹಂಗೇ ಇತ್ತು. ಅವಳು ನನ್ನ ಹಿಂದೆ ಇದ್ದಳು, ಆಮೇಲೆ ನಾನು ಬೈಕಿನ ಮೇಲಿದ್ದೆ. ನಡುವೆ ಒಂದು ಪುಟ ಯಾರೋ ಹರಿದ ಹಾಗೆ. ಫೆಬ್ರುವರಿಯಲ್ಲಿ ಸೈಕಲ್ ಇಳಿಸಿದೆ. ಶಾಲೆಗೆ ಅದರ ಮೇಲೇ ಹೋಗೋದು ಶುರು ಮಾಡಿದೆ, ಹೋಗಿ ಬರೋದು 28 ಕಿಲೋಮೀಟರು. ಒಂದು ತಿಂಗಳಾದ ಮೇಲೆ ದೊಡ್ಡಾಕಿಗೆ ಹೇಳಿದೆ: "ಒಂದ ಸಲ ನನ್ನ ಸರಿಯಾಗಿ ದಾಟಿ ಹೋಗು. ಟೈಮ್ ಟ್ರಯಲ್ ಹಂಗ. ನಾ ಮುಂದ, ನೀ ಒಂದು ನಿಮಿಷ ಬಿಟ್ಟು. ಹತ್ತು ಕಿಲೋಮೀಟರ."

"ನೀವು ಆಮ್ಯಾಲ ಸೈಕಲ್ ಮತ್ತ ಗ್ವಾಡಿಗೆ ಹಾಕೂದಿಲ್ಲ ಅಂದ್ರ ಬರ್ತೀನಿ."

ಹಾಕೋದಿಲ್ಲ ಅಂದೆ.

ಮಾರ್ಚಿನ ಒಂದು ಭಾನುವಾರ, ಗಾಳಿ ಇಲ್ಲದ ನಸುಕು. ಶಿಸ್ತಿನಿಂದ ಮಾಡಿದೆವು. ಸಣ್ಣವ ಸೀಟು ಹಿಡಿದು ನಿಲ್ಲಿಸೋದಕ್ಕೆ, ಕೈಯಲ್ಲಿ ಮೊಬೈಲ್ ಗಡಿಯಾರ. ಹೆಂಡತಿ ಸ್ಕೂಟಿ ತೆಗೆದುಕೊಂಡು ಮೊದಲೇ ಹೋಗಿ ಹತ್ತನೇ ಕಿಲೋಮೀಟರಿನ ಬೇವಿನ ಗಿಡದ ಕೆಳಗೆ. ನಿಯಮ ಎಲ್ಲ ಹೇಳಿದೆ. ದಾಟೋವಾಗ ನಡುವೆ ಎರಡು ಮೀಟರ್ ಅಂತರ ಇರಬೇಕು. ದಾಟಿಸಿಕೊಂಡವ ಬೆನ್ನಿಗೆ ಬೀಳಬಾರದು, ಇಪ್ಪತ್ತೈದು ಮೀಟರ್ ಹಿಂದೆ ಉಳಿಯಬೇಕು. "ಮತ್ತ, ತಿರುಗಿ ನೋಡೂದಿಲ್ಲ. ಮಾತಾಡಸೂದಿಲ್ಲ." ಅದು ಯುಸಿಐ ನಿಯಮ ಅಲ್ಲ, ನನ್ನದು.

ರಾತ್ರಿಯೇ ಲೆಕ್ಕ ಹಾಕಿಟ್ಟಿದ್ದೆ. ನನ್ನದು ಗಂಟೆಗೆ 30, ಅವಳದು 36 ಹಿಡಿಯಿರಿ. ಒಂದು ನಿಮಿಷದಲ್ಲಿ ನಾನು 500 ಮೀಟರ್ ಮುಂದೆ. ಅವಳು ನಿಮಿಷಕ್ಕೆ ನೂರು ಮೀಟರ್ ಗಳಿಸುತ್ತಾಳೆ. ಐದು ನಿಮಿಷಕ್ಕೆ, ಸರಿಯಾಗಿ ಮೂರನೇ ಕಿಲೋಮೀಟರಿನಲ್ಲಿ ದಾಟುತ್ತಾಳೆ. ಅಲ್ಲಿ ಒಂದು ಒಣದ್ರಾಕ್ಷಿ ಶೆಡ್ಡು ಇದೆ. ಅದು ದಾಟಿ ನಾನೇ ಮುಂದಿದ್ದರೆ ಗೆದ್ದ ಹಾಗೆ ಅಂತ ನನ್ನೊಳಗೇ ಒಂದು ಪಂದ್ಯ ಕಟ್ಟಿಕೊಂಡಿದ್ದೆ.

ಜೀವಮಾನದ ತುಳಿತ ತುಳಿದೆ. 31ಕ್ಕೆ ಮೀಟರ್ ನಿಂತಿತ್ತು, ಕೆಳಗೆ ಬರಲೇ ಇಲ್ಲ. ದೂರದಲ್ಲಿ ಶೆಡ್ಡಿನ ಬಿಳಿ ಪರದೆ ಕಾಣತೊಡಗಿತು. ಇನ್ನು ಅರ್ಧ ಕಿಲೋಮೀಟರು. ಕಿವಿ ಹಿಂದಕ್ಕೆ ಇತ್ತು, ಹಳೆಯ ಸದ್ದಿಗೆ ಕಾಯುತ್ತಿತ್ತು. ಟಿಕ್‌ಟಿಕ್ ಇಲ್ಲ. ಮೊದಲು ಟೈರು ಡಾಂಬರಿನ ಮೇಲೆ ಗುಂಯ್ ಅನ್ನೋದು, ಅದರ ಹಿಂದೆ ಬಿಗಿಯಾದ ಚೈನಿನ ಸದ್ದು, ಮಗ್ಗದ ಹಾಗೆ ಒಂದೇ ಸಮ. ಬಲಕ್ಕೆ ಎರಡು ಮೀಟರ್ ಬಿಟ್ಟು ಬಂದಳು. ಗದ್ದ ಹ್ಯಾಂಡಲ್ಲಿಗೆ ಮುಟ್ಟುವ ಹಾಗೆ ಬಾಗಿದ್ದಳು. ಅವಳ ಮುಖ ಅಷ್ಟು ಕೆಟ್ಟದಾಗಿ ಕಿವುಚಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ಐದು ವರ್ಷ ಬೆನ್ನ ಹಿಂದೆ ಇದ್ದವಳ ಮುಖ ನನಗೆ ಎಲ್ಲಿಂದ ಕಾಣಬೇಕು? ತಿರುಗಿ ನೋಡಲಿಲ್ಲ. ಮೂರು ಎಣಿಸೋದರೊಳಗೆ ಬೆನ್ನಾದಳು, ಇಪ್ಪತ್ತೈದು ಮೀಟರಿನ ನಿಯಮ ಪಾಲಿಸೋ ತೊಂದರೆಯನ್ನು ಅವಳೇ ತಪ್ಪಿಸಿದಳು. ಶೆಡ್ಡಿನ ಮುಂದೆ ಟ್ರೇ ತೊಳೆಯುತ್ತಿದ್ದ ಹೆಂಗಸರು ಎದ್ದು ನಿಂತು ಅವಳಿಗೆ ಹೋ ಅಂತ ಕೂಗಿದರು. ಸ್ವಲ್ಪ ಹೊತ್ತಿಗೆ ನಾನು ಹೋದೆ. ನನಗೂ ಕೂಗಿದರು, ಆದರೆ ಅದರಲ್ಲಿ ನಗು ಜಾಸ್ತಿ ಇತ್ತು.

ಅವಳದು 15 ನಿಮಿಷ 23 ಸೆಕೆಂಡು. ನನ್ನದು 19 ನಿಮಿಷ 20. ಹೆಂಡತಿ ಎರಡನ್ನೂ ಕ್ಯಾಲೆಂಡರಿನ ಹಾಳೆ ಹಿಂದೆ ಬರೆದುಕೊಂಡು, "ನಿಮ್ಮದೂ ಚಲೋನ ಐತಲ್ಲ" ಅಂದಳು.

ನಾನು ಬೇವಿನ ಗಿಡಕ್ಕೆ ಸೈಕಲ್ ಆನಿಸಿ ಹುಲ್ಲಿನ ಮೇಲೆ ಅಂಗಾತ ಬಿದ್ದೆ. ದೊಡ್ಡಾಕಿ ಬಾಳೆಹಣ್ಣು ತಿನ್ನುತ್ತ ಬಂದಳು. ಏನೋ ದೊಡ್ಡ ಮಾತು ಆಡುತ್ತಾಳೆ ಅಂತ ಕಣ್ಣು ಮುಚ್ಚಿಕೊಂಡೆ. ನನ್ನ ಸೈಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಪೆಡಲ್ ಹಿಂದಕ್ಕೆ ತಿರುಗಿಸಿ ನೋಡಿದಳು.

"ಅಪ್ಪಾ, ಈ ಚೈನಿಗೆ ಎಣ್ಣಿ ಬಿಟ್ಟು ಎಷ್ಟ ದಿನಾ ಆತು? ನಾಕ ಕಂಬ ದೂರ ಇದ್ದಾಗನ ಕಿರ್ ಕಿರ್ ಕೇಳತಿತ್ತು. ಸಂಜಿ ಮುಂದ ನಾ ಬಿಡತೀನಿ. ನೀವು ಬಿಡಬ್ಯಾಡ್ರಿ, ನಿಮ್ಮ ಕೈ ದೊಡ್ಡದು, ಪಡಸಾಲಿ ತುಂಬಾ ಚೆಲ್ಲತೀರಿ."